ನೀಲವ್ವನ ಗಾಯಕ್ಕೆ ಅರಿಶಿನ

ಸೈಕಲ್ ಹೊಡೆಯುತ್ತಾ ವಾದ ಮಾಡುವ ಚಟವಿದ್ದವರಿಗೆ ನನ್ನದೊಂದು ಎಚ್ಚರಿಕೆ: ಯಾವ ಕಾರಣಕ್ಕೂ ಹಿಂದಿನ ಸೈಕಲ್ಲಿನಲ್ಲಿ ಇರಬೇಡಿ. ಗಾಳಿ ಮುಂದಿನವರ ಮಾತನ್ನು ತಂದು ಹಿಂದಿನವರ ಕಿವಿಗೆ ಹಾಕುತ್ತದೆ. ಹಿಂದಿನವರ ಮಾತನ್ನು ಇನ್ನೂ ಹಿಂದಕ್ಕೆ ಒಯ್ದು, ಯಾರೂ ಇಲ್ಲದ ರಸ್ತೆಗೆ ಚೆಲ್ಲಿಬಿಡುತ್ತದೆ. ಅಂಗಡಿ ಅಂಕಲ್ ಹಿಂದೆ ನಾನು ವರ್ಷಗಟ್ಟಲೆ ಶನಿವಾರ ಬೆಳಗ್ಗೆ ಸೈಕಲ್ ಹೊಡೆದಿದ್ದೇನೆ. ಆಗ ಮಂಡಿಸಿದ ಅಮೋಘ ವಾದಗಳೆಲ್ಲ ನಾರ್ತ್ ಕ್ಯಾರೊಲಿನಾದ ಪೈನ್ ಮರಗಳಿಗೆ ಮಾತ್ರ ಗೊತ್ತು. ಮರಗಳು ತಲೆಯಾಡಿಸಿದ್ದು ನಿಜ. ಒಪ್ಪಿ ಆಡಿಸಿದವೋ ಗಾಳಿಗೆ ಆಡಿಸಿದವೋ, ಹೇಳಲಾರೆ.

"ನೀವು ಬೇಕಂತಲೇ ಮುಂದೆ ಹೋಗ್ತೀರಿ ಅಂಕಲ್, ನನ್ನ ಮಾತು ಕೇಳಬಾರದು ಅಂತ" ಎಂದು ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ದೂರಿದ್ದೆ.

"ಹುಚ್ಚಿ, ಮುಂದ ಇದ್ದಾವ ಗಾಳಿ ಒಡೀತಾನ, ಹಿಂದ ಇದ್ದಾಕಿಗಿ ಹಗುರಾಗತೈತಿ. ರೇಸಿನ್ಯಾಗ ಇದಕ್ಕ ಜಗಳಾನ ಆಗತಾವು. ನಿನಗ ಪುಗಸಟ್ಟೆ ಸಿಕ್ಕೈತಿ, ಸುಮ್ನ ಬಾ" ಎಂದಿದ್ದರು.

ಅಂಗಡಿ ಎಂಬುದು ಅವರ ಮನೆತನದ ಹೆಸರು. ಹುಬ್ಬಳ್ಳಿಯವರು. ಎಂಬತ್ತರ ದಶಕದ ಆರಂಭದಲ್ಲಿ ಓದಲು ಬಂದವರು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿ ಸೇರಿ, ಅಲ್ಲೇ ನಿವೃತ್ತರಾದರು. ಕೆಲಸ ತುಕ್ಕಿನದು. ಸೇತುವೆ, ಟ್ಯಾಂಕು, ಕೊಳವೆಗಳಿಗೆ ತುಕ್ಕು ಹಿಡಿಯದಂತೆ ಏನು ಬಳಿಯಬೇಕು ಎಂದು ಹೇಳುವುದು. "ಕಬ್ಬಿಣ ಮಣ್ಣಿನಿಂದ ಬಂದದ್ದು. ಅದಕ್ಕ ಒಂದ ಸಮನ ತವರಮನಿ ನೆನಪು. ಅದನ್ನ ಮರಸೋದಕ್ಕ ನನಗ ಪಗಾರ ಕೊಡ್ತಾರ" ಎನ್ನುತ್ತಿದ್ದರು. ಅವರ ಹೆಂಡತಿ ಗಿರಿಜಾ ಆಂಟಿ ವಿಜಯಪುರದವರು, ಮಕ್ಕಳ ಡಾಕ್ಟರು. ನಾನು ಸಂಖ್ಯಾಶಾಸ್ತ್ರ ಓದಲು ಮೈಸೂರಿನಿಂದ ಬಂದಾಗ ಅವರ ಗ್ಯಾರೇಜಿನ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಜಾಹೀರಾತಿನಲ್ಲಿ 'ಶಾಂತ ಸ್ವಭಾವದವರಿಗೆ ಆದ್ಯತೆ' ಎಂದಿತ್ತು. ಶಾಂತ ಎಂದು ಅಳೆಯುವವರು ಯಾರು, ಯಾವ ಮಾಪನದಿಂದ ಎಂದು ನಾನು ಬಾಗಿಲಲ್ಲೇ ಕೇಳಿದೆ. ಆಂಟಿ ಒಳಗೆ ತಿರುಗಿ, "ರೀ, ವಕೀಲವ್ವ ಬಂದಾಳ ನೋಡ್ರಿ!" ಎಂದು ಕೂಗಿದರು. ಅಂದಿನಿಂದ ಆ ಮನೆಯಲ್ಲಿ ನನಗೆ ಅದೇ ಹೆಸರು.

ಹೆಸರಿಗೆ ತಕ್ಕವಳೇ ನಾನು. ಮೈಸೂರಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ವೇದಿಕೆ ಹತ್ತುವ ಸ್ವಲ್ಪ ಮುಂಚೆ ಚೀಟಿ ಎತ್ತಿ, ನೀನು ಪರವೋ ವಿರೋಧವೋ ಎಂದು ಹೇಳುತ್ತಿದ್ದರು. ಹೀಗಾಗಿ ಪಿಯುಸಿ ಮುಗಿಸುವ ಹೊತ್ತಿಗೆ ದೇವರು ಇದ್ದಾನೆಂದೂ ಇಲ್ಲವೆಂದೂ ನಾನು ಅಷ್ಟೇ ಸೊಗಸಾಗಿ ಸಾಧಿಸಬಲ್ಲವಳಾಗಿದ್ದೆ. ಇಲ್ಲ ಎಂದಾಗ ಬಹುಮಾನ ಹೆಚ್ಚು ಬಂದದ್ದರಿಂದ ಆ ಪಕ್ಷದಲ್ಲೇ ಉಳಿದುಕೊಂಡೆ. ನಮ್ಮ ಹಳೆಯ ತರ್ಕಶಾಸ್ತ್ರದವರು ಮಾತಿನ ಜಗಳವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯ ತಿಳಿಯಬೇಕೆಂದು ಮಾಡುವುದು ವಾದ. ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದು ಏನನ್ನೂ ಕಟ್ಟದೆ ಎದುರಿನವರದನ್ನು ಕೆಡವುವುದಷ್ಟೇ ಉದ್ದೇಶವಾದರೆ ವಿತಂಡ. ಮೊದಲನೆಯದನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ.

ನನ್ನ ವಿತಂಡಕ್ಕೆ ಆ ಮನೆಯಲ್ಲಿ ಸಿಕ್ಕ ಮೊದಲ ಬಲಿ ಅಂಕಲ್‌ರ ಸೈಕಲ್ಲು. ತೆಳು ನೀಲಿ ಬಣ್ಣದ, ಉಕ್ಕಿನ ರೇಸಿಂಗ್ ಸೈಕಲ್. ವಿದ್ಯಾರ್ಥಿಯಾಗಿದ್ದಾಗ ಕೊಂಡದ್ದು. ಅಂದಿನಿಂದ ಅವರು ಎಲ್ಲ ರೇಸುಗಳಿಗೂ ಅದರಲ್ಲೇ ಹೋಗಿದ್ದಾರೆ, ಗೆದ್ದದ್ದು ಕಡಿಮೆ, ಬಿಟ್ಟದ್ದಿಲ್ಲ. ಈಗಿನ ಸೈಕಲ್ಲುಗಳಲ್ಲಿ ಗೇರಿನ ಗುಂಡಿ ಕೈಬೆರಳ ತುದಿಯಲ್ಲೇ ಇರುತ್ತದೆ. ಇದರಲ್ಲಿ ಗೇರ್ ಬದಲಿಸಬೇಕಾದರೆ ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು, ಬಗ್ಗಿ, ಮೊಣಕಾಲಿನ ಹತ್ತಿರವಿರುವ ಪುಟ್ಟ ಸನ್ನೆಕೋಲನ್ನು ಎಳೆಯಬೇಕು. ಆಗ 'ಕಟಕ್' ಎಂದು ಒಂದು ಸದ್ದು. ಗುಂಪಿನಲ್ಲಿ ಹೋಗುವಾಗ ಆ ಸದ್ದು ಕೇಳಿದರೆ ಅಂಗಡಿ ಬಂದರು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆಂಟಿ ಅದಕ್ಕೆ ನೀಲವ್ವ ಎಂದು ಹೆಸರಿಟ್ಟಿದ್ದರು.

"ಮೂವತ್ತು ವರ್ಷದಿಂದ ಅದೇ ಸೈಕಲ್ ಅಂತೀರಲ್ಲ ಅಂಕಲ್, ಅದೇ ಅಂತ ಹೇಗೆ ಹೇಳ್ತೀರಿ? ಚಕ್ರ ಬದಲಾಗಿದೆ, ಸೀಟು ಬದಲಾಗಿದೆ, ಚೈನಂತೂ ಎಷ್ಟು ಸವೆದಿದೆಯೋ. ಉಳಿದಿರೋದು ಏನು?"

"ಚೌಕಟ್ಟ ಉಳದೈತಲ್ಲವಾ. ನನ್ನ ಮೊಣಕಾಲ ಒಂದು ಬದಲಾಗೇತಿ, ಹಲ್ಲ ಬದಲಾಗ್ಯಾವು, ಎದಿಯೊಳಗ ಒಂದು ಸ್ಟೆಂಟ್ ಕುಂತೈತಿ. ನಾ ಅದ ಅಂಗಡಿ ಹೌದಿಲ್ಲೋ?"

"ನನಗ ಕೇಳ್ರಿ" ಎಂದರು ಆಂಟಿ, ರೊಟ್ಟಿ ಬಡಿಯುತ್ತಲೇ. "ಚೌಕಟ್ಟ ಅದ, ಗ್ಯಾರಂಟಿ ಮುಗದೈತಿ."

ನಾವು ಮೈಸೂರಿನವರು ಆಯುಧಪೂಜೆ ಎನ್ನುವುದನ್ನು ಆಂಟಿ ಖಂಡೇನವಮಿ ಎನ್ನುತ್ತಿದ್ದರು. ಆ ದಿನ ಅವರ ಗ್ಯಾರೇಜು ನೋಡಬೇಕು. ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ಸ್ಟೆತಾಸ್ಕೋಪು, ನನ್ನ ಲ್ಯಾಪ್‌ಟಾಪು ಎಲ್ಲವೂ ಸ್ನಾನ ಮಾಡಿಸಿಕೊಂಡ ಮಕ್ಕಳಂತೆ ಸಾಲಾಗಿ. ಮೊದಲ ಪೂಜೆ ನೀಲವ್ವನಿಗೆ. ಕಾರುಗಳ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುವುದು ಸರಿ. ನೀಲವ್ವನ ಚಕ್ರ ಬೆರಳಿನಷ್ಟು ಸಪೂರ, ನಿಂಬೆಹಣ್ಣು ಏರಲಾರದೆ ಪಕ್ಕಕ್ಕೆ ಜಾರುತ್ತಿತ್ತು. ಆಂಟಿ ಅದಕ್ಕೂ ಉಪಾಯ ಕಂಡುಕೊಂಡಿದ್ದರು: "ತೆಳ್ಳಗಿನ ಟಾಯರಿನಾಕಿ, ದ್ರಾಕ್ಷಿ ಸಾಕು." ಫ್ರಿಜ್ಜಿನಿಂದ ಒಂದು ದ್ರಾಕ್ಷಿ ತಂದು ಇಡುತ್ತಿದ್ದರು, ಅದು 'ಪಟ್' ಎನ್ನುತ್ತಿತ್ತು. ಆ ದಿನ ಯಾರೂ ನೀಲವ್ವನನ್ನು ಮುಟ್ಟುವಂತಿಲ್ಲ, ರೇಸ್ ಇದ್ದರೂ ಇಲ್ಲ. ಹಚ್ಚಿದ ಅರಿಶಿನ ಕುಂಕುಮವನ್ನು ಕೈಯಾರೆ ಒರೆಸುವಂತಿಲ್ಲ, ತಾನಾಗಿ ಹೋಗಬೇಕು.

ದೇವರು ದಿಂಡರೆಂದರೆ ಅಂಕಲ್‌ಗೂ ಅಷ್ಟಕ್ಕಷ್ಟೇ. ಆದರೆ ಆ ಹೊತ್ತಿಗೆ ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತಿದ್ದರು. ನಾನು ಮಾತ್ರ ಬಾಯಿ ಕಟ್ಟುತ್ತಿರಲಿಲ್ಲ. ಯಂತ್ರಕ್ಕೆ ಪೂಜೆಯ ಅರಿವು ಇದೆಯೇ, ಇಲ್ಲದಿದ್ದರೆ ಇದು ಯಾರಿಗಾಗಿ, ಇತ್ಯಾದಿ.

"ನಂಬಿಕಿ ಇಲ್ಲಂದ್ರ ಬಿಡು, ವಕೀಲವ್ವ. ಹೋಳಗಿ ಅರ ತಿಂತಿಯಿಲ್ಲೋ?"

"ಹೋಳಿಗೆಗೆ ಸಾಕ್ಷ್ಯ ಇದೆ ಆಂಟಿ."

ಅವರು ಮಾಡಿದ ಕೊನೆಯ ಖಂಡೇನವಮಿ ಚೆನ್ನಾಗಿ ನೆನಪಿದೆ. ಅದಕ್ಕೆ ಸ್ವಲ್ಪ ಮುಂಚೆ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್ ಹತ್ತಿರ ಒಂದು ರೇಸಿನಲ್ಲಿ ಅಂಕಲ್ ಬಿದ್ದಿದ್ದರು. ಅವರಿಗೆ ತರಚು ಗಾಯ. ನೀಲವ್ವನ ಬಾರಿಗೆ, ಅಂದರೆ ನಮ್ಮ ಊರುಗಳಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ಆ ಮೇಲಿನ ಅಡ್ಡಕೊಳವೆಗೆ, ಇನ್ನೊಬ್ಬನ ಪೆಡಲ್ ಬಡಿದು ಹುಣಸೆಬೀಜದಷ್ಟು ಬಣ್ಣ ಎದ್ದುಹೋಗಿ ಉಕ್ಕು ಕಾಣುತ್ತಿತ್ತು. ಅಂಕಲ್ ಅಲ್ಲಿಗೆ ಹಚ್ಚಲು ಅದೇ ನೀಲಿ ಹುಡುಕುತ್ತಿದ್ದರು. ಬಣ್ಣ ಸಿಗುವ ಮೊದಲೇ ಹಬ್ಬ ಬಂತು. ಆಂಟಿ ಅರಿಶಿನವನ್ನು ಕಲಸಿ ಸರಿಯಾಗಿ ಆ ಗಾಯದ ಮೇಲೆಯೇ ಹಚ್ಚಿ, ನಡುವೆ ಕುಂಕುಮದ ಬೊಟ್ಟಿಟ್ಟರು.

"ಅಲ್ಲಿ ಬ್ಯಾಡಲೇ, ಬಣ್ಣ ಹಚ್ಚೋದೈತಿ" ಎಂದರು ಅಂಕಲ್.

"ಗಾಯಕ್ಕ ಅರಿಶಿಣ ಹಚ್ತಾರೋ, ಬಣ್ಣ ಹಚ್ತಾರೋ?"

ನಾನು ಬಿಡಲಿಲ್ಲ. "ಡಾಕ್ಟರಾಗಿ ಹೀಗಂತೀರಲ್ಲ ಆಂಟಿ! ಕ್ಲಿನಿಕ್‌ಗೆ ಬರೋ ಮಕ್ಕಳಿಗೂ ಅರಿಶಿನ ಹಚ್ತೀರಾ?"

"ಹಚ್ಚಿದ್ರ ಲೈಸೆನ್ಸ್ ಕಸಗೋತಾರ. ನೀಲವ್ವ ಕೇಸ್ ಹಾಕಾಂಗಿಲ್ಲ."

ಮುಂದಿನ ಬೇಸಿಗೆಗೆ ಆಂಟಿ ಇರಲಿಲ್ಲ. ಕಾಯಿಲೆ ಗೊತ್ತಾಗಿದ್ದು ಚಳಿಗಾಲದಲ್ಲಿ. ಅದು ಯಾವ ಕಾಯಿಲೆ, ಎಷ್ಟು ಬೇಗ ಬೆಳೆಯುತ್ತದೆ ಎಂಬುದೆಲ್ಲ ನಮ್ಮೆಲ್ಲರಿಗಿಂತ ಮೊದಲು ಗೊತ್ತಾದದ್ದು ಅವರಿಗೇ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಎರಡೂ ಪಕ್ಷ ಮಾತಾಡಬಲ್ಲವಳಿಗೂ ಕೆಲವು ವಿಷಯಗಳಲ್ಲಿ ಒಂದು ಪಕ್ಷವೂ ಸಿಕ್ಕುವುದಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷ ಮಾಡಬಹುದಿತ್ತು, ಮಾಡುವವರಿರಲಿಲ್ಲ. ಅಂಕಲ್ ಮತ್ತೆ ಶನಿವಾರದ ಸವಾರಿ ಶುರುಮಾಡಿದರು. ರೇಸಿಗೂ ಹೋದರು. ನೀಲವ್ವನ ಬಾರಿನ ಮೇಲೆ ಆ ಅರಿಶಿನ ಹಾಗೆಯೇ ಇತ್ತು. ತೊಳೆಯುವಾಗ ಅದರ ಸುತ್ತ ಬಟ್ಟೆ ಆಡಿಸಿ, ಅದನ್ನು ದ್ವೀಪದಂತೆ ಉಳಿಸುತ್ತಿದ್ದರು. ಮಳೆ ನೀರಿಗೆ ಅಂಚು ಕರಗತೊಡಗಿದಾಗ ಅದರ ಮೇಲೆ ಒಂದು ಪಾರದರ್ಶಕ ಟೇಪ್ ಅಂಟಿಸಿದರು. ನಾನು ನೋಡಿದೆ. ನೋಡಿಯೂ ಏನೂ ಅನ್ನಲಿಲ್ಲ. ಅಷ್ಟರಮಟ್ಟಿಗೆ ನಾನೂ ಮನುಷ್ಯಳೇ.

ಹೀಗೆ ಎರಡು ವರ್ಷ ಕಳೆಯಿತು. ನನ್ನ ಓದು ಮುಗಿದು ಅದೇ ರಿಸರ್ಚ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಕೋಣೆ ಬಿಡಲಿಲ್ಲ. ನಾನೂ ಒಂದು ಅಗ್ಗದ ಅಲ್ಯೂಮಿನಿಯಂ ಸೈಕಲ್ ಕೊಂಡಿದ್ದೆ. ಅಂಕಲ್ ಅದನ್ನು 'ಪಾತ್ರೆ' ಎಂದು ಕರೆಯುತ್ತಿದ್ದರು. ಉತ್ತರ ಜಾರ್ಜಿಯಾದ ಬೆಟ್ಟಗಳಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಕೊನೆಗೆ ಒಂದು ದೊಡ್ಡ ರೇಸು. ಹತ್ತುವುದು ಒಂದು ಕಷ್ಟ, ಕಡಿದಾದ ತಿರುವುಗಳಲ್ಲಿ ಕಾರಿನ ವೇಗದಲ್ಲಿ ಇಳಿಯುವುದು ಇನ್ನೊಂದು. ನೀಲವ್ವ ಅದನ್ನು ಎಷ್ಟೋ ಸಲ ಮುಗಿಸಿದ್ದಳು. ಆ ಸಲ ನಾನೂ ಹೆಸರು ಕೊಟ್ಟಿದ್ದೆ, ಅಂಕಲ್ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವ ಧೈರ್ಯದಿಂದ.

ರೇಸಿಗೆ ಎರಡು ವಾರ ಇರುವಾಗ, ಅಭ್ಯಾಸದ ಸವಾರಿಯಲ್ಲಿ, ಒಂದು ಗ್ಯಾಸ್ ಸ್ಟೇಷನ್ ಹತ್ತಿರ ನಿಂತೆವು. ಅಂಕಲ್ ನೀರು ತರಲು ಒಳಗೆ ಹೋದರು. ನೀಲವ್ವ ನನ್ನ ಕೈಯಲ್ಲಿದ್ದಳು. ಬಾರಿನ ಅಡಿಗೆ ನನ್ನ ಹೆಬ್ಬೆರಳು ತಾಗಿದ ಕಡೆ ಬಣ್ಣ ಗುಳ್ಳೆಯೆದ್ದಿತ್ತು. ಒತ್ತಿದೆ. ಹಪ್ಪಳದಂತೆ ಮುರಿದು ಒಂದು ಚೂರು ಅಂಗೈಗೆ ಬಿತ್ತು, ಒಳಮೈ ಕೆಂಪುಕಂದು. ಬಗ್ಗಿ ನೋಡಿದೆ. ಟೇಪಿನ ಅಂಚಿನಿಂದ ಹೊರಟು, ಬಾರಿನ ಅರ್ಧ ಸುತ್ತು ಬಳಸಿ ಬಂದ ಕೂದಲೆಳೆಯಂಥ ಒಂದು ಬಿರುಕು.

ಏನಾಗಿತ್ತೆಂದು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ. ಬಣ್ಣವಿಲ್ಲದ ಉಕ್ಕು. ಅದರ ಮೇಲೆ ನೀರು ಹಿಡಿಯುವ ಪುಡಿ. ಸವಾರನ ಮುಖದಿಂದ ತೊಟ್ಟಿಕ್ಕುವ ಉಪ್ಪು ಬೆವರು ಸರಿಯಾಗಿ ಬೀಳುವುದೂ ಅಲ್ಲಿಗೇ. ಮೇಲೆ ಆರಲು ಬಿಡದ ಟೇಪು. ಅಡಿಯಲ್ಲಿ ಎರಡು ವರ್ಷ ತುಕ್ಕು ತಿಂದಿದೆ, ತೆಳುವಾದ ಕೊಳವೆ ಈಗ ಸೀಳಿದೆ. ಸಪಾಟು ರಸ್ತೆಯಲ್ಲಿ ಇನ್ನಷ್ಟು ದಿನ ತಡೆದೀತು. ಜಾರ್ಜಿಯಾದ ಇಳಿಜಾರಿನಲ್ಲಿ ಮುರಿದರೆ ಅಂಕಲ್ ಉಳಿಯುವುದಿಲ್ಲ.

ಅಂದು ಮನೆಗೆ ಬರುವವರೆಗೂ ನಾನೇ ಮುಂದೆ ಇದ್ದೆ, ನಿಧಾನವಾಗಿ ಹೊಡೆದೆ. "ಇವತ್ತೇನು ವಕೀಲವ್ವನ ಕೋರ್ಟ್ ರಜಾ ಐತಿ?" ಎಂದು ಹಿಂದಿನಿಂದ ಅವರು ಕೂಗಿದ್ದರಂತೆ. ಅವರೇ ಆಮೇಲೆ ಹೇಳಿದ್ದು. ನನಗೆ ಕೇಳಿಸಿರಲಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಮಾತೆತ್ತಿದೆ. ಅವರು ಚುರಮುರಿಗೆ ಒಗ್ಗರಣೆ ಹಾಕುತ್ತಿದ್ದರು. ಯೋಚಿಸಿ ನೋಡಿ, ಜೀವನವಿಡೀ ಪೂಜೆ ಪುನಸ್ಕಾರಗಳ ವಿರುದ್ಧ ಮಾತಾಡಿದವಳಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಎಲ್ಲಿ ಸಿಕ್ಕೀತು? ಹಚ್ಚಿದ ಅರಿಶಿನ ಹಚ್ಚಿಸಿಕೊಂಡದ್ದನ್ನು ತಿಂದುಹಾಕಿದೆ. ಕಾಲೇಜಿನ ದಿನಗಳಲ್ಲಾಗಿದ್ದರೆ ಇದೊಂದು ಉದಾಹರಣೆಯಿಂದ ಹತ್ತು ಸ್ಪರ್ಧೆ ಗೆಲ್ಲುತ್ತಿದ್ದೆ. ತರ್ಕಶಾಸ್ತ್ರದವರು ಬಿಟ್ಟುಹೋದ ನಾಲ್ಕನೆಯ ಬಗೆಯೊಂದಿದೆ ಎಂದು ಗೊತ್ತಾದದ್ದು ಆವತ್ತು: ಸೋತರೆ ಸಾಕಪ್ಪಾ ಎಂದುಕೊಂಡು ಮಾಡುವ ವಾದ. ಅದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ.

"ಅಂಕಲ್, ನೀಲವ್ವನ ಬಾರ್ ಬಿರುಕು ಬಿಟ್ಟಿದೆ. ಆ ಟೇಪ್ ಕೆಳಗೆ... ತುಕ್ಕು ಹಿಡಿದಿದೆ. ಉಪ್ಪು, ನೀರು ಎಲ್ಲ ಅಲ್ಲೇ ನಿಂತು..."

ಅವರು ಒಲೆ ಆರಿಸಿದರು. "ತುಕ್ಕು ಹೆಂಗ ಹಿಡೀತೈತಿ ಅಂತ ನನಗ ಹೇಳಾಕ ಬಂದೀಯೇನವಾ?"

ನನಗೆ ಅದು ಹೊಳೆದೇ ಇರಲಿಲ್ಲ ಎಂದರೆ ನಂಬುತ್ತೀರಾ? ರಾತ್ರಿಯಿಡೀ ವಾದ ಹೊಸೆದು, ಅರ್ಧ ಆಯಸ್ಸು ತುಕ್ಕಿನ ಜೊತೆ ಕಳೆದವರಿಗೆ ತುಕ್ಕಿನ ಪಾಠ ಹೇಳಲು ಕೂತಿದ್ದೆ.

"ಉಪ್ಪು ನೀರು ಕುಂದರೋ ಜಾಗಾ ಮುಚ್ಚಿ ಇಡಬಾರದು. ಹೊಸದಾಗಿ ಸೇರಿದ ಹುಡುಗೂರಿಗೆ ಮೊದಲನೇ ದಿನಾ ಇದನ್ನ ಕಲಸ್ತಿದ್ದೆ" ಎಂದರು. ಚುರಮುರಿಯನ್ನು ಎರಡು ತಟ್ಟೆಗೆ ಹಾಕಿದರು. "ಗುಳ್ಳಿ ಎದ್ದಿದ್ದು ನಾನೂ ನೋಡೇನಿ. ಬಿರುಕು ನೋಡಿದ್ದಿಲ್ಲ."

"ಎಲ್ಲಾ ಗೊತ್ತಿದ್ದೂ ಯಾಕೆ ಒರೆಸಲಿಲ್ಲ ಅಂಕಲ್?"

"ಯಾವತ್ತು ಒರಸಬೇಕಾಗಿತ್ತು?"

ನಾನು ಒಂದು ತಟ್ಟೆಯನ್ನು ನನ್ನತ್ತ ಎಳೆದುಕೊಂಡೆ.

"ಅಲ್ಲ, ಖರೇನ ಕೇಳ್ತೀನಿ. ಆಕಿ ದವಾಖಾನ್ಯಾಗಿದ್ದಾಗ ಒರಸಬೇಕಾಗಿತ್ತೇನು? ಹ್ವಾದ ಮರುದಿನ? ವರ್ಷದ್ದು ಮುಗದ ಮ್ಯಾಲೆ? ನೀ ಸ್ಟ್ಯಾಟಿಸ್ಟಿಕ್ಸ್ ಓದಿದಾಕಿ. ಒಂದ ದಿನಾ ಆರಿಸಿ ಕೊಡು. ಆ ದಿನಾ ಒರಸಬೇಕಾಗಿತ್ತು, ತಪ್ಪಾತು ಅಂತ ಒಪ್ಪಗೋತೀನಿ."

ಬೇಕೆಂದೇ ಕಷ್ಟ ಕೊಡಲು ಕೇಳಿದ್ದಲ್ಲ ಅದು. ಅವರು ನಿಜವಾಗಿ ಕಾಯುತ್ತಿದ್ದರು. ನಾನು ಒಂದೊಂದೇ ದಿನವನ್ನು ಎತ್ತಿ ನೋಡಿದೆ. ಒಂದೂ ಸರಿಹೊಂದಲಿಲ್ಲ. ಚುರಮುರಿ ಮೆತ್ತಗಾಯಿತು.

"ಜಾರ್ಜಿಯಾ?" ಎಂದೆ ಕೊನೆಗೆ.

"ಇಲ್ಲ. ಇಳುವಿನ್ಯಾಗ ಮುರದ್ರ ಹಿಂದ ಬರೋರು ನನ್ನ ಮ್ಯಾಲೆ ಬೀಳ್ತಾರ. ಹಿಂದ ನೀ ಇರ್ತಿ."

ಹೀಗೆ ನಾನು ಗೆದ್ದೆ.

ಆದರೂ ಅವರು ಜಾರ್ಜಿಯಾಕ್ಕೆ ಬಂದರು, ಕಾರಿನಲ್ಲಿ. ಹಿಂದಿನ ದಿನ ಅಲ್ಫರೆಟಾದ ಒಂದು ಮೋಟೆಲಿನಲ್ಲಿ ಇಳಿದುಕೊಂಡೆವು. ಹೆದ್ದಾರಿಯ ಜ್ಯಾಮಿನಲ್ಲಿ ಸಿಕ್ಕಿಕೊಂಡಾಗ, ಅಭ್ಯಾಸ ಬಲವೋ ಏನೋ, ಅವರ ಬಲಗೈ ಆಗಾಗ ಸ್ಟಿಯರಿಂಗ್ ಬಿಟ್ಟು ಮೊಣಕಾಲಿನತ್ತ ಇಳಿಯುತ್ತಿತ್ತು. ಮರುದಿನ ಅವರು ಒಂದು ಬೆಟ್ಟದ ನೆತ್ತಿಯಲ್ಲಿ ಬಾಳೆಹಣ್ಣು, ನೀರು ಹಿಡಿದುಕೊಂಡು ನಿಂತರು. ನಾನು ಮೊದಲ ಸಲ ಒಬ್ಬಳೇ ಹತ್ತಿದೆ. ಮುಂದೆ ಗಾಳಿ ಒಡೆಯುವವರಿಲ್ಲದಿದ್ದರೆ ಗಾಳಿಗೆ ಎಷ್ಟು ತೂಕವಿರುತ್ತದೆ ಎಂದು ಆವತ್ತು ಗೊತ್ತಾಯಿತು. ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋದ ಮೇಲೆ ಉಳಿದದ್ದು ನಾನು, ಮತ್ತು ಬಿಳಿಗಡ್ಡದ ಒಬ್ಬ ಅಮೆರಿಕನ್ ಮುದುಕ. ಇಬ್ಬರೂ ಏದುಸಿರು ಬಿಡುತ್ತಾ ಒಟ್ಟಿಗೇ ನೆತ್ತಿ ಮುಟ್ಟಿದೆವು.

ಮುದುಕ ಅಂಕಲ್‌ರನ್ನು ನೋಡಿ, ಅವರ ಕೈಯ ಬಾಳೆಹಣ್ಣು ನೋಡಿ, ಅವರ ಹಿಂದೆ ಮುಂದೆ ನೋಡಿದ. ವರ್ಷಕ್ಕೊಮ್ಮೆ ಈ ರಸ್ತೆಯಲ್ಲಿ ಸಿಗುವವರು, ಇಬ್ಬರಿಗೂ ಪರಸ್ಪರ ಹೆಸರು ಗೊತ್ತಿಲ್ಲ.

"ವೇರ್ ಈಸ್ ಬ್ಲೂ?" ಎಂದ.

"ಶೀ ಈಸ್ ಡನ್" ಎಂದರು ಅಂಕಲ್.

ಆತ ಸೈಕಲ್ಲಿನಿಂದ ಇಳಿದ. ರೇಸಿನ ನಡುವೆ, ಎಷ್ಟೋ ಹೊತ್ತು ಏರಿದ ಮೇಲೆ ಇಳಿಜಾರಿನ ಸುಖ ಕಣ್ಣೆದುರೇ ಇರುವಾಗ, ಯಾರೂ ಇಳಿಯುವುದಿಲ್ಲ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಂಕಲ್ ಪಕ್ಕದಲ್ಲಿ ನಿಂತ. "ಐ ಯೂಸ್ಡ್ ಟು ಹಿಯರ್ ಹರ್ ಕಮಿಂಗ್" ಎಂದ. ಬಾಳೆಹಣ್ಣು ತೆಗೆದುಕೊಂಡು ಹೋದ. ಗಿರಿಜಾ ಆಂಟಿ ಹೋದಾಗ ಎಷ್ಟು ಜನ ಬಂದಿದ್ದರು, ಏನೇನು ಹೇಳಿದ್ದರು. ಆಗ ಒಂದು ಹನಿ ಕಣ್ಣೀರು ಹಾಕದ ಅಂಕಲ್ ಆ ಬೆಟ್ಟದ ಮೇಲೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು, ಮುಖ ತಿರುಗಿಸಿ ನಿಂತರು. ನಾನು ರೇಸ್ ಮುಗಿಸಲಿಲ್ಲ. ಕಾಲು ಸೋತಿತ್ತು ಎಂಬುದು ನನ್ನ ಅಧಿಕೃತ ಹೇಳಿಕೆ.

ಹಿಂದಿರುಗಿದ ಮೇಲೆ ನಾನು ಎರಡನೆಯ ಸುತ್ತು ಶುರುಮಾಡಿದೆ. ಉಕ್ಕಿನ ಸೈಕಲ್ಲಿಗೆ ಒಂದು ಸೌಲಭ್ಯವಿದೆ, ಕೆಟ್ಟ ಕೊಳವೆ ಕತ್ತರಿಸಿ ಹೊಸದು ಬೆಸೆಯಬಹುದು. ಪಶ್ಚಿಮದ ಬೆಟ್ಟಗಳ ಕಡೆ ಅಂಥ ಕೆಲಸ ಮಾಡುವ ಒಬ್ಬರನ್ನು ಹುಡುಕಿ, ಫೋಟೋ ಕಳಿಸಿ, ಆಗುತ್ತದೆ ಎನ್ನಿಸಿಕೊಂಡೂ ಆಯಿತು. ಆದರೆ ಬೆಸೆಯಲು ಬಣ್ಣವೆಲ್ಲ ಸುಡಬೇಕು. ಆ ಕೊಳವೆಯಂತೂ ಗುಜರಿಗೆ.

"ಬ್ಯಾಡ" ಎಂದರು ಅಂಕಲ್.

ಆಗ ನಾನು ಚರ್ಚಾಸ್ಪರ್ಧೆಯಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಹಾಜರಿಲ್ಲದವರ ಸಾಕ್ಷಿ ಎಳೆದು ತಂದೆ. "ಆಂಟಿ ಇದ್ದಿದ್ರೆ ಏನಂತಿದ್ರು ಹೇಳಿ? ನನ್ನ ಅರಿಶಿನಕ್ಕೋಸ್ಕರ ಸೈಕಲ್ ಮೂಲೇಲಿಟ್ಟು ಕೂತ್ಕೊಳ್ಳಿ ಅಂತಿದ್ರಾ?"

ಅಂಕಲ್ ನಕ್ಕೇಬಿಟ್ಟರು. "ಆಕಿ ಇದ್ದಿದ್ರ ಬೈದು, ಮೊದಲ ತಿಕ್ಕಿ ತೊಳೀರಿ ಅಂತಿದ್ಲು. ಖರೆ ಐತಿ." ಆಮೇಲೆ ನಗು ಹೋಯಿತು. "ಆದ್ರ ಆಕಿ ಇದ್ದಿದ್ರ ಆ ಅರಿಶಿಣ ನನಗ ಯಾಕ ಬೇಕಾಗಿತ್ತವಾ?"

ಸನ್ಮಾನ್ಯ ತೀರ್ಪುಗಾರರೇ, ನಾನು ಕೂತುಕೊಂಡೆ. ಅಂಥ ಖಂಡನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

ಕ್ರಿಸ್‌ಮಸ್ ಸೇಲಿನಲ್ಲಿ ನನ್ನ ಒತ್ತಾಯಕ್ಕೆ ಅವರು ಹೊಸ ಕಾರ್ಬನ್ ಸೈಕಲ್ ಕೊಂಡರು. ಗಾಳಿಯಂತೆ ಹಗುರ, ಬೆರಳು ಮುಟ್ಟಿದರೆ ಗೇರ್ ಬದಲು, ಸದ್ದೇ ಇಲ್ಲ. ಒಂದೆರಡು ಸಲ ಹೊಡೆದು ಬಂದು, "ಛಲೋ ಐತಿ. ಆದ್ರ ಮಾತಾಡಾಂಗಿಲ್ಲ" ಎಂದು ವರ್ಜೀನಿಯಾದಲ್ಲಿರುವ ಮಗಳ ಗಂಡನಿಗೆ ಕೊಟ್ಟುಬಿಟ್ಟರು. ನಾನು ಲೆಕ್ಕ ಹಾಕದೆ ಬಿಟ್ಟ ಅಂಶ ಇದು. ಅವರನ್ನು ಬಿರುಕಿನಿಂದ ಉಳಿಸುವುದು ನನ್ನ ವಾದವಾಗಿತ್ತು, ಉಳಿಸಿದೆ. ಆ ಚೌಕಟ್ಟು ನಿಂತರೆ ಅದರ ಮೇಲೆ ಕೂತ ಚೌಕಟ್ಟೂ ನಿಲ್ಲುತ್ತದೆಂದು ನನಗೆ ತೋಚಲಿಲ್ಲ. ಬದಲಾಯಿಸಿದ ಮೊಣಕಾಲು ಬಿಗಿಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದರು. ಶನಿವಾರ ನಾನು ಹೊರಡುವಾಗ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಪಾತ್ರಿಗಿ ಗಾಳಿ ಸಾಲದು, ಹೊಡಕೋ" ಎನ್ನುತ್ತಿದ್ದರು. ನೀಲವ್ವ ಅವರ ಹಿಂದೆ ಗೋಡೆಯ ಕೊಕ್ಕೆಗೆ ತೂಗುತ್ತಿದ್ದಳು, ಟೇಪು ಸಮೇತ.

ಈ ವರ್ಷ ವರ್ಜೀನಿಯಾದಿಂದ ಮಗಳು ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ವಾಷಿಂಗ್ಟನ್ನಿನಲ್ಲಿ ಕೆಲಸ. "ಅಪ್ಪಾ, ನೀವು ಬರಬೇಕು. ದಿಸ್ ಈಸ್ ನಾಟ್ ಎ ಡಿಬೇಟ್" ಎಂದು ನನ್ನ ಕಡೆ ನೋಡಿಯೇ ಹೇಳಿದಳು. ಮನೆ ಮಾರಾಟಕ್ಕೆ ಬಂತು. ನಾನು ಅಪಾರ್ಟ್‌ಮೆಂಟ್ ಹುಡುಕಿಕೊಂಡೆ. ಅಂಕಲ್ ಹೊರಡುವ ವಾರವೇ ಖಂಡೇನವಮಿ.

ಗ್ಯಾರೇಜಿನ ತುಂಬ ರಟ್ಟಿನ ಪೆಟ್ಟಿಗೆಗಳು. ನೀಲವ್ವನನ್ನು ಆಂಟಿ ಊರಿಂದ ತಂದಿದ್ದ ಕೌದಿಯಲ್ಲಿ ಸುತ್ತಿ ಗೋಡೆಗೆ ಆನಿಸಿದ್ದರು. ಅಂಕಲ್ ನನ್ನನ್ನು ಕೂಗಿದರು. "ದೇವರ ಮನ್ಯಾಗಿನ ಬಟ್ಟಲಾ ಇನ್ನೂ ಕಟ್ಟಿಲ್ಲ. ತಗೊಂಡ ಬಾ."

ತಂದೆ. ಅವರು ನೀಲವ್ವನಿಗೆ ಹಚ್ಚುತ್ತಾರೆ ಎಂದುಕೊಂಡು ನಾನು ಕೌದಿ ಬಿಚ್ಚಲು ಹೋದೆ.

"ಬ್ಯಾಡ. ಅಲ್ಲಿ ಜಾಗಾ ಇಲ್ಲ" ಎಂದರು. "ನಿನ್ನ ಪಾತ್ರಿ ಎಲ್ಲೈತಿ?"

ಅವರು ಈ ಕೆಲಸ ಹಿಂದೆಂದೂ ಮಾಡಿದವರಲ್ಲ, ಆಂಟಿ ಮಾಡುವಾಗ ಕೈಕಟ್ಟಿ ನಿಂತವರಷ್ಟೇ. ಅರಿಶಿನ ತೀರ ನೀರಾಯಿತು, ಬೆರಳಿನಿಂದ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ನನ್ನ ಸೈಕಲ್ಲಿನ ಬಾರಿನ ಮೇಲೆ, ನಾನು ಮೇಲ್‌ಬಾಕ್ಸಿಗೆ ಗುದ್ದಿ ಮಾಡಿಕೊಂಡ ಒಂದು ಗೀರಿನ ಮೇಲೆ, ಹಚ್ಚಿದರು. ನಡುವೆ ಸೊಟ್ಟ ಕುಂಕುಮ. ಆಮೇಲೆ ಅಂಗಿಯ ಜೇಬಿನಿಂದ ಒಂದು ದ್ರಾಕ್ಷಿ ತೆಗೆದು ಮುಂದಿನ ಚಕ್ರದಡಿ ಇಟ್ಟು, "ಹ್ಞಾ, ದಬ್ಬು" ಎಂದರು. ಪಟ್ ಎಂದಿತು. ನಾನು ಏನೂ ಕೇಳದಿದ್ದರೆ ಅವರಿಗೆ ಗಾಬರಿಯಾದೀತೆಂದು ಏನೋ ಒಂದು ಹೇಳಿದೆ.

"ಇದು ಅಲ್ಯೂಮಿನಿಯಂ ಅಂಕಲ್. ಹಾಗೇ ಬಿಟ್ರೂ ತುಕ್ಕು ಹಿಡಿಯಲ್ಲ."

"ತುಕ್ಕು ಹಿಡಿಯಾಂಗಿಲ್ಲ. ಆದ್ರ ಬೆವರಿನ ಉಪ್ಪು ಕುಂತ್ರ ಅದನ್ನೂ ತಿಂತೈತಿ, ಜರಾ ನಿಧಾನಕ." ಕೈ ತೊಳೆಯಲು ಹೋಗುತ್ತಾ ತಿರುಗಿ ನೋಡಿದರು. "ಒಂದೆರಡು ದಿನ ಬಿಟ್ಟು ಒರಸಿಬಿಡು, ವಕೀಲವ್ವ. ನನ್ನಂಗ ಮಾಡಬ್ಯಾಡ."

"ಒರೆಸ್ತೀನಿ" ಎಂದೆ.

ಈಗ ಶನಿವಾರ ಬೆಳಗ್ಗೆ ನಾನೊಬ್ಬಳೇ ಹೋಗುತ್ತೇನೆ. ಗಾಳಿಯನ್ನು ನಾನೇ ಒಡೆಯುತ್ತೇನೆ. ಈಗ ನನ್ನ ಮಾತುಗಳು ಸರಿಯಾದ ದಿಕ್ಕಿನಲ್ಲೇ, ಹಿಂದಕ್ಕೇ ಹೋಗುತ್ತಿವೆ. ಅಲ್ಲಿ ಕೇಳುವವರಿಲ್ಲ, ಅಷ್ಟೇ. ವಾಪಸು ಬಂದ ಮೇಲೆ ವರ್ಜೀನಿಯಾಕ್ಕೆ ಫೋನ್ ಮಾಡುತ್ತೇನೆ. ಎಷ್ಟು ದೂರ ಹೋದೆ, ಟೈರಿಗೆ ಗಾಳಿ ಹೊಡೆದೆಯಾ, ಚಳಿ ಎಷ್ಟಿದೆ ಎಲ್ಲ ಕೇಳಿದ ಮೇಲೆ ಕೊನೆಗೆ ಒಂದು ಪ್ರಶ್ನೆ ತಪ್ಪುವುದಿಲ್ಲ.

"ಒರಸಿದಿ?"

"ಇಲ್ಲ ಅಂಕಲ್. ನಾಳೆ ಒರೆಸ್ತೀನಿ."

ಅಂಕಲ್ ಪಂಚಾಂಗ ನೋಡಿದವರ ಗಾಂಭೀರ್ಯದಲ್ಲಿ ಹೇಳುತ್ತಾರೆ:

"ಹ್ಞೂಂ. ನಾಳೆ ಛಲೋ ದಿನಾ ಐತಿ."